ಮಂಡಿ ನೋವಿಗೆ ಅಂತ ತಗೊಂಡ ಲೂಪ್ ಬ್ಯಾಂಡ್ ಸೆಟ್, 4 ತಿಂಗಳು ಬಳಸಿದ್ಮೇಲೆ

ಮೆಟ್ಟಿಲು ಇಳಿಯೋವಾಗ ಮಂಡಿಚಿಪ್ಪಿನ ಹಿಂದೆ ಚುಚ್ಚೋದು, ಒಂದು ಗಂಟೆ ಕೂತು ಎದ್ರೆ ಮೊದಲ ನಾಲ್ಕು ಹೆಜ್ಜೆ ಕುಂಟೋದು, ಇದು ನಂಗೆ ಒಂದೂವರೆ ವರ್ಷದಿಂದ ಇತ್ತು. ಮೊದ್ಲು ನೀ ಕ್ಯಾಪ್ ತಗೊಂಡೆ, ಹಾಕ್ಕೊಂಡಾಗ ಬೆಚ್ಚಗಿರುತ್ತೆ, ನಡೆಯೋಕೆ ಧೈರ್ಯ ಬರುತ್ತೆ, ತೆಗೆದ್ರೆ ಮತ್ತೆ ಅದೇ ಮಂಡಿ. ನೋಯುತ್ತೆ ಅಂತ ಓಡಾಟ ಕಮ್ಮಿ ಮಾಡ್ದೆ, ಓಡಾಟ ಕಮ್ಮಿ ಆದ್ಮೇಲೆ ತೊಡೆ ಸೊರಗ್ತು, ತೊಡೆ ಸೊರಗಿದ್ಮೇಲೆ ನೋವು ಇನ್ನೂ ಜಾಸ್ತಿ ಆಯ್ತು. ಕೊನೆಗೆ ಫಿಸಿಯೋಥೆರಪಿಸ್ಟ್ ಹತ್ರ ಹೋದಾಗ ಅವ್ರು ಟೇಪ್ ಹಿಡಿದು ಎರಡೂ ತೊಡೆ ಅಳೆದ್ರು, ನೋವಿರೋ ಬಲಗಾಲಿನ ತೊಡೆ 2 ಸೆಂಟಿಮೀಟರ್ ಕಮ್ಮಿ ಇತ್ತು. ಆ ಟೇಪ್ ನೋಡಿದ್ಮೇಲೇ ನಂಗೆ ಅರ್ಥ ಆಗಿದ್ದು, ಮಂಡಿನ ಹಿಡ್ಕೊಳ್ಳೋ ತೊಡೆನೇ ಕೈ ಕೊಟ್ಟಿದೆ ಅಂತ. ವ್ಯಾಯಾಮಕ್ಕೆ ಈ ಲೂಪ್ ಬ್ಯಾಂಡ್, ಅಂದ್ರೆ ಕಾಲಿಗೆ ಹಾಕ್ಕೊಂಡು ಎಳೆಯೋ ರಬ್ಬರ್ ಪಟ್ಟಿ, ತಗೊಳ್ಳಿ ಅಂತ ಅವ್ರೇ ಅಂದಿದ್ದು.

ಸೆಟ್ಟಲ್ಲಿ 5 ಬ್ಯಾಂಡ್ ಇದೆ, ಲ್ಯಾಟೆಕ್ಸ್ ರಬ್ಬರಿಂದು, ಚಪ್ಪಟೆ ಬಳೆ ಥರ, ಒಂದೊಂದು ಬಣ್ಣಕ್ಕೆ ಒಂದೊಂದು ಬಿಗಿ. ಬಣ್ಣ ನಂಬ್ಕೊಂಡು ಮಾತ್ರ ತಗೋಬೇಡಿ, ಒಂದು ಕಂಪನಿ ಹಸಿರು ಇನ್ನೊಂದು ಕಂಪನಿ ಹಸಿರಿನಷ್ಟೇ ಬಿಗಿ ಇರ್ಬೇಕು ಅಂತೇನಿಲ್ಲ, ಕೈಯಲ್ಲಿ ಎಳೆದು ನೋಡೋದೇ ಸರಿ. ಜೊತೆಗೆ ಒಂದು ಚಾರ್ಟ್ ಕೊಟ್ಟಿದ್ದಾರೆ, ಅದ್ರಲ್ಲಿ ಮೊದಲ ಚಿತ್ರನೇ ಬ್ಯಾಂಡ್ ಹಾಕ್ಕೊಂಡು ಪೂರ್ತಿ ಕೆಳಗೆ ಕೂರೋ ಸ್ಕ್ವಾಟ್. ಮಂಡಿ ನೋವಿರೋರು ಆ ಚಾರ್ಟ್ ನೋಡಿ ಶುರು ಮಾಡ್ಬೇಡಿ ದಯವಿಟ್ಟು, ನಾನು ಮೊದಲ ದಿನ ಅದನ್ನೇ ಮಾಡಿ ಮೂರು ದಿನ ಮಂಡಿ ಊದಿಸ್ಕೊಂಡೆ.

ಆಮೇಲೆ ಫಿಸಿಯೋ ಹೇಳಿದ ಕ್ರಮದಲ್ಲಿ ಮಾಡ್ದೆ. ಮೊದಲ ಎರಡು ವಾರ ಬ್ಯಾಂಡೇ ಇಲ್ಲ. ಕಾಲು ಚಾಚಿ ಕೂತು, ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು, ಅದನ್ನ ನೆಲಕ್ಕೆ ಒತ್ತಿ 5 ಸೆಕೆಂಡ್ ಹಿಡಿಯೋದು, ಹೀಗೆ 10 ಸಲ. ನೋಡೋಕೆ ಏನೂ ಇಲ್ಲ ಅನ್ಸುತ್ತೆ, ಆದ್ರೆ ಮಂಡಿಚಿಪ್ಪಿನ ಒಳಪಕ್ಕ ಮೇಲ್ಗಡೆ ಬೆರಳಿಟ್ಟು ನೋಡಿ, ಅಲ್ಲಿ ಒಂದು ಸ್ನಾಯು ಗಟ್ಟಿಯಾಗಿ ಎದ್ದು ನಿಲ್ಲುತ್ತೆ, ನನ್ನ ಎಡಗಾಲಲ್ಲಿ ತಕ್ಷಣ ಎದ್ದಿತ್ತು, ಬಲಗಾಲಲ್ಲಿ ಸುಮ್ನೆ ಅದುರ್ತಾ ಇತ್ತು ಅಷ್ಟೇ. ಹತ್ತನೇ ದಿನಕ್ಕೆ ಅದು ಬೆರಳಿಗೆ ಗಟ್ಟಿಯಾಗಿ ಸಿಕ್ತು, ಆ ಖುಷಿನ ನಾನು ಮರೆಯಲ್ಲ.

ಬ್ಯಾಂಡ್ ನಿಜವಾಗ್ಲೂ ಕೆಲ್ಸಕ್ಕೆ ಬಂದಿದ್ದು ಸೊಂಟದ ಪಕ್ಕದ ಸ್ನಾಯುಗೆ. ಕನ್ನಡಿ ಮುಂದೆ ಒಂಟಿ ಕಾಲಲ್ಲಿ ನಿಂತು ಸ್ವಲ್ಪ ಮಂಡಿ ಬಗ್ಗಿಸಿದ್ರೆ ನನ್ನ ಬಲಮಂಡಿ ಒಳಗೆ ವಾಲ್ತಿತ್ತು, ಸೊಂಟದ ಪಕ್ಕ ಹಿಡಿತ ಇಲ್ದಿದ್ರೆ ತೊಡೆ ಒಳಗೆ ತಿರುಗಿ ಆ ಭಾರ ಎಲ್ಲ ಮಂಡಿಚಿಪ್ಪಿನ ಮೇಲೆ ಬೀಳುತ್ತಂತೆ. ಬ್ಯಾಂಡ್ ಮಂಡಿಗಿಂತ ಸ್ವಲ್ಪ ಮೇಲೆ ಹಾಕಿ, ಪಕ್ಕಕ್ಕೆ ಮಲ್ಕೊಂಡು, ಮಂಡಿ ಮಡಚಿ, ಹಿಮ್ಮಡಿ ಎರಡೂ ಜೋಡಿಸಿಟ್ಟು ಮೇಲಿನ ಮಂಡಿ ಮಾತ್ರ ಎತ್ತೋದು, ಆಮೇಲೆ ಅದೇ ಬ್ಯಾಂಡಲ್ಲಿ ಪಕ್ಕಕ್ಕೆ ಹೆಜ್ಜೆ ಹಾಕೋದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು. ಎದ್ದೇಳುವಾಗ ಬ್ಯಾಂಡನ್ನ ಎರಡೂ ಮಂಡಿಯಿಂದ ಹೊರಗೆ ತಳ್ಳಿದ್ರೆ ಮಂಡಿ ಒಳಗೆ ವಾಲೋದು ತಾನಾಗೇ ನಿಲ್ಲುತ್ತೆ, ಈ ಒಂದು ಕಾರಣಕ್ಕೇ ನಾನು ಈ ಬ್ಯಾಂಡನ್ನ ಮೆಚ್ಚಿದ್ದು.

ನೋವಿನ ಲೆಕ್ಕನೂ ಅವ್ರೇ ಹೇಳಿಕೊಟ್ರು, 10ಕ್ಕೆ 4 ಅಥ್ವಾ 5ರ ತನಕ ನೋವು ಬಂದ್ರೂ ಪರ್ವಾಗಿಲ್ಲ, ಆದ್ರೆ 24 ಗಂಟೆ ಒಳಗೆ ಮೊದಲಿದ್ದ ಮಟ್ಟಕ್ಕೆ ಇಳೀಬೇಕು, ಇಳೀದೇ ಇದ್ರೆ ಮುಂದಿನ ಸಲ ಕಮ್ಮಿ ಮಾಡಿ ಅಂತ. ಮೊದ್ಲೆಲ್ಲಾ ಸವೆದಿರೋ ಮಂಡಿನ ಆಡಿಸಿದ್ರೆ ಇನ್ನೂ ಸವೆಯುತ್ತೆ ಅಂತ ಹೆದರ್ತಿದ್ದೆ. ಕೀಲೊಳಗಿನ ಮೃದ್ವಸ್ಥಿಗೆ, ಅಂದ್ರೆ ಮೂಳೆ ತುದಿ ಮೇಲಿರೋ ನುಣುಪು ಪದರಕ್ಕೆ, ರಕ್ತನಾಳನೇ ಇಲ್ಲ, ಕೀಲು ಆಡಿದಾಗ ಒಳಗಿನ ದ್ರವದಿಂದಾನೇ ಅದಕ್ಕೆ ಪೋಷಣೆ ಸಿಗೋದು ಅಂತ ತಿಳಿದ ಮೇಲೆ ಆ ಹೆದರಿಕೆ ಹೋಯ್ತು. ಡೆನ್ಮಾರ್ಕಲ್ಲಿ 2013ರಲ್ಲಿ ಶುರುವಾದ ಗ್ಲಾಡ್ ಅನ್ನೋ ಕಾರ್ಯಕ್ರಮದಲ್ಲೂ ಮಂಡಿ ಸವೆತ ಇರೋರಿಗೆ ವಾರಕ್ಕೆ 2 ಸಲ ಹಾಗೆ 6 ವಾರ ವ್ಯಾಯಾಮನೇ ಮಾಡಿಸೋದು.

ಈಗ ದೂರುಗಳು. ಬರೀ ಚರ್ಮದ ಮೇಲೆ ಹಾಕಿದ್ರೆ ಬ್ಯಾಂಡ್ ಸುರುಳಿ ಸುತ್ಕೊಂಡು ಮೇಲೇರುತ್ತೆ, ಕೂದಲು ಕಿತ್ತು ಉರಿಯುತ್ತೆ, ಪ್ಯಾಂಟ್ ಮೇಲೇ ಹಾಕ್ಬೇಕು. ಮೇಜಿನ ಕಾಲಿಗೆ ಸಿಕ್ಕಿಸಿ ಮಂಡಿ ಹಿಂದೆ ಹಾಕ್ಕೊಂಡು ಕಾಲು ನೆಟ್ಟಗೆ ಮಾಡೋ ವ್ಯಾಯಾಮಕ್ಕೆ ಈ ಲೂಪ್ ತೀರಾ ಚಿಕ್ಕದು, ಅದಕ್ಕೆ ಉದ್ದ ಬ್ಯಾಂಡೇ ಬೇಕು, ಈ ವಿಷ್ಯ ಡಬ್ಬದ ಮೇಲೆ ಎಲ್ಲೂ ಹೇಳಿಲ್ಲ. ಮೂರನೇ ತಿಂಗಳಲ್ಲಿ ಹಸಿರು ಬ್ಯಾಂಡ್ ಅಂಚಲ್ಲಿ ಬಿಳಿ ಬಿಳಿ ಸಣ್ಣ ಬಿರುಕು ಕಾಣ್ತು, ನಾನು ಗಮನ ಕೊಡ್ಲಿಲ್ಲ, ಎರಡು ದಿನಕ್ಕೆ ಫಟ್ ಅಂತ ಹರಿದು ಕೈಗೆ ಬಾರಿಸ್ತು, ಬರೆ ಬಂತು. ಕಂಪನಿಗೆ ಬರೆದ್ರೆ ಬಳಕೆಯಿಂದ ಹಾಳಾಗಿದ್ದಕ್ಕೆ ಬದಲಿ ಕೊಡಲ್ಲ ಅಂದ್ರು, ಬೇಜಾರಾಯ್ತು. ತಪ್ಪು ಸ್ವಲ್ಪ ನಂದೂ ಇತ್ತು, ಬಿಸಿಲು ಬೀಳೋ ಕಿಟಕಿ ಹತ್ರ ಇಡ್ತಿದ್ದೆ, ಮಂಡಿಗೆ ಎಣ್ಣೆ ಹಚ್ಚಿದ ಕೈಯಲ್ಲೇ ಮುಟ್ತಿದ್ದೆ, ಬಿಸಿಲು ಎಣ್ಣೆ ಎರಡೂ ರಬ್ಬರಿಗೆ ಆಗಲ್ಲ. ಲ್ಯಾಟೆಕ್ಸ್ ಅಲರ್ಜಿ ಇರೋರಂತೂ ಇದನ್ನ ಮುಟ್ಲೇಬೇಡಿ.

ಫಲ ಹೇಳ್ಬೇಕಂದ್ರೆ, ಶುರುವಲ್ಲಿ 30 ಸೆಕೆಂಡಿಗೆ ಕುರ್ಚಿಯಿಂದ 9 ಸಲ ಎದ್ದೇಳ್ತಿದ್ದೆ, ಈಗ 14 ಸಲ. ಮೆಟ್ಟಿಲು ಇಳಿಯೋವಾಗ ಕಂಬಿ ಹಿಡ್ಕೊಳ್ಳೋದು ಬಿಟ್ಟಿದೀನಿ, ಜಾಸ್ತಿ ನಡೆದ ದಿನ ಸಂಜೆ ಮಾತ್ರ ಬೇಕಾಗುತ್ತೆ. ಮಂಡಿ ಕಟಕಟ ಅನ್ನೋದು ಹಾಗೇ ಇದೆ, ನೋವಿಲ್ದೆ ಬರೋ ಸದ್ದಿಗೆ ತಲೆ ಕೆಡಿಸ್ಕೊಳ್ಳೋದು ಬೇಡ ಅಂತ ಫಿಸಿಯೋ ಅಂದಿದ್ದಾರೆ. ಮಂಡಿ ಬಿಸಿಯಾಗಿ ಊದಿಕೊಂಡಿದ್ರೆ, ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡು ಚಾಚೋಕೆ ಆಗ್ದಿದ್ರೆ, ನಡೆಯುವಾಗ ದಿಢೀರ್ ಅಂತ ಕುಸಿದ್ರೆ ಬ್ಯಾಂಡ್ ಪಕ್ಕಕ್ಕಿಟ್ಟು ಮೊದ್ಲು ಡಾಕ್ಟರ್ ಹತ್ರ ಹೋಗಿ.

ಮತ್ತೆ ತಗೋತೀನಾ ಅಂದ್ರೆ ಇದೇ ಸೆಟ್ ತಗೊಳ್ಳಲ್ಲ. ಐದರಲ್ಲಿ ನಾನು ಬಳಸಿದ್ದು ಎರಡೇ. ತೊಡೆಗೆ ಬಟ್ಟೆಯ ಲೂಪ್ ಒಂದು, ಅದು ಸುರುಳಿ ಸುತ್ಕೊಳ್ಳಲ್ಲ, ಮೇಜಿನ ಕಾಲಿಗೆ ಸಿಕ್ಕಿಸೋಕೆ ಉದ್ದ ರಬ್ಬರ್ ಬ್ಯಾಂಡ್ ಒಂದು, ಇಷ್ಟು ಸಾಕು.