ಕೈಗೆ ಬಂದ ನಲೆಡಿ ತಲೆಬುರುಡೆ

ಬದಿಯಡ್ಕ ಸಮೀಪದ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಅಳಿದುಹೋದ ಮಾನವ ಪ್ರಭೇದವಾದ ಹೋಮೋ ನಲೆಡಿಯ ತಲೆಬುರುಡೆಯ ತ್ರೀಡಿ ಕಡತವನ್ನು ಸಂಶೋಧಕರು ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಅದನ್ನು ಕಾಸರಗೋಡು ಪೇಟೆಯ ಅಂಗಡಿಯೊಂದರಲ್ಲಿ 1,900 ರೂಪಾಯಿ ಕೊಟ್ಟು ಪ್ಲಾಸ್ಟಿಕ್‌ನಲ್ಲಿ ತ್ರೀಡಿ ಮುದ್ರಣ ಮಾಡಿಸಿದೆ.

ಹುಬ್ಬಿನ ಏಣು, ಹಲ್ಲುಗಳ ಉಬ್ಬುತಗ್ಗು ಎಲ್ಲವೂ ಸ್ಪಷ್ಟವಾಗಿವೆ. ಆದರೆ ಕಣ್ಣಿನ ಗುಳಿಗಳಲ್ಲಿ ಮುದ್ರಿಸುವಾಗ ಆಧಾರಕ್ಕೆ ಹಾಕಿದ ಪ್ಲಾಸ್ಟಿಕ್ ಎಳೆಗಳು ಹಾಗೆಯೇ ಉಳಿದಿದ್ದವು. ಮರಳುಕಾಗದದಿಂದ ನಾನೇ ಉಜ್ಜಿದೆ. ಕೆಳದವಡೆ ಸರಿಯಾಗಿ ಕೂರುವುದಿಲ್ಲ. ಹೇಳಿದ ದಿನಕ್ಕಿಂತ ಒಂಬತ್ತು ದಿನ ತಡವಾದದ್ದೂ ಬೇಸರ ತರಿಸಿತು.

ತರಗತಿಯಲ್ಲಿ ಮಾತ್ರ ಆ ಬೇಸರವೆಲ್ಲ ಮರೆತುಹೋಯಿತು. ಬುರುಡೆಯ ತಳದ ರಂಧ್ರದಿಂದ ಮಕ್ಕಳು ಸಾಸಿವೆ ತುಂಬಿ, ಅಳತೆಪಾತ್ರೆಗೆ ಸುರಿದರು. ಅರ್ಧ ಲೀಟರಿಗಿಂತ ತುಸು ಹೆಚ್ಚು! ನಮ್ಮ ಮಿದುಳಿನ ಅರ್ಧಕ್ಕಿಂತಲೂ ಕಡಿಮೆ. ಹಾಗಿದ್ದೂ ಈ ನಲೆಡಿಗಳು ಬದುಕಿದ್ದದ್ದು ಸುಮಾರು ಎರಡೂವರೆ, ಮೂರು ಲಕ್ಷ ವರ್ಷಗಳ ಹಿಂದೆಯಷ್ಟೇ.

ದಕ್ಷಿಣ ಆಫ್ರಿಕಾದ ರೈಸಿಂಗ್ ಸ್ಟಾರ್ ಗುಹೆಯಲ್ಲಿ 2013ರಲ್ಲಿ ಈ ಪಳೆಯುಳಿಕೆಗಳು ಸಿಕ್ಕವು. ಒಳಗಿಳಿಯುವ ಸೀಳು ಒಂದೆಡೆ ಬರೀ 18 ಸೆಂಟಿಮೀಟರ್ ಅಗಲ. ನಮ್ಮ ಮಕ್ಕಳಿಗೆ ನೀರಿಗಾಗಿ ಗುಡ್ಡಕ್ಕೆ ಕೊರೆದ ತೋಟದ ಸುರಂಗ ಗೊತ್ತು, ಅಲ್ಲಿ ಬಾಗಿಯಾದರೂ ನಡೆಯಬಹುದು. ಗೇಣಗಲದಷ್ಟೂ ಇಲ್ಲದ ಸಂದಿಯಲ್ಲಿ ಆರು ಮಂದಿ ವಿಜ್ಞಾನಿಗಳು, ಎಲ್ಲರೂ ಮಹಿಳೆಯರು, ನುಸುಳಿ ಇಳಿದು 1,500ಕ್ಕೂ ಹೆಚ್ಚು ತುಣುಕುಗಳನ್ನು ಮೇಲಕ್ಕೆ ತಂದರು ಎಂದಾಗ ಹಿಂದಿನ ಬೆಂಚಿನವರೂ ಎದ್ದು ನಿಂತರು.

ಮಾಡಿಸುವವರು ದವಡೆಯನ್ನು ಅಂಗಡಿಯಲ್ಲೇ ಜೋಡಿಸಿ ನೋಡಿ. ನಾನು ಈಗ ನಲೆಡಿಯ ಕೈ ಮೂಳೆಗಳಿಗೆ ಮುಂಗಡ ಕೊಟ್ಟು ಬಂದಿದ್ದೇನೆ.