ಬೇಕನ್ ಬದಲಿಗೆ ಅಣಬೆಯ ಪಟ್ಟಿ: ಒಂದು ವಿಮರ್ಶೆ

ಸ್ಯಾಂಡ್‌ವಿಚ್‌ನಲ್ಲಿ ಬೇಕನ್ (ಉಪ್ಪು ಹಾಕಿ ಸಂಸ್ಕರಿಸಿದ ಹಂದಿಮಾಂಸದ ತೆಳು ಪಟ್ಟಿ) ಬದಲಿಗೆ ಬಳಸಲೆಂದು, ಕಿಂಗ್ ಆಯ್‌ಸ್ಟರ್ ಅಣಬೆಯ ಕಾಂಡವನ್ನು ಉದ್ದುದ್ದಕ್ಕೆ ಸೀಳಿ ಸೋಯಾ ಸಾಸ್‌ನಲ್ಲಿ ನೆನೆಸಿ ಹೊಗೆಯ ಘಮ ಹತ್ತಿಸಿರುವ ಪಟ್ಟಿಗಳ ಪೊಟ್ಟಣವಿದು. ಅಣಬೆಯಲ್ಲಿ ಶೇ. 90ರಷ್ಟು ನೀರೇ ಇರುವುದರಿಂದ, ಪಟ್ಟಿಗಳನ್ನು ಕಾವಲಿಯ ಮೇಲೆ ಒತ್ತೊತ್ತಾಗಿ ಹರಡಿದರೆ ಅವು ತಮ್ಮದೇ ನೀರಿನಲ್ಲಿ ಬೆಂದು ಮೆತ್ತಗಾಗುತ್ತವೆ; ಬಿಡಿಬಿಡಿಯಾಗಿ ಹರಡಿ, ಚುರುಗುಟ್ಟುವ ಸದ್ದು ಅಡಗುವವರೆಗೆ ಕಾದರೆ ಮಾತ್ರ ಅಂಚು ಕಂದುಬಣ್ಣಕ್ಕೆ ತಿರುಗಿ, ಮುರುಟಿ, ಗರಿಗರಿಯಾಗುತ್ತದೆ. ಪೊಟ್ಟಣದ ಮೇಲಿನ ಸೂಚನೆಯಲ್ಲಿ ಈ ಮಾತೇ ಇಲ್ಲ. ಅಣಬೆ, ಸೋಯಾ ಸಾಸ್‌ಗಳಲ್ಲಿರುವ ಗ್ಲುಟಮೇಟ್ ಎಂಬ ರುಚಿಕಾರಕ ಅಂಶದಿಂದ ಬರುವ ಮಾಂಸದಂಥ ರುಚಿ ನಿಜಕ್ಕೂ ಇದೆ. ಆದರೆ ಬೇಕನ್‌ನ ಕೊಬ್ಬು ಇಲ್ಲದ ಕಾರಣ ಬ್ರೆಡ್‌ಗೆ ಬೆಣ್ಣೆಯನ್ನೋ ಮೇಯನೇಸನ್ನೋ ಧಾರಾಳವಾಗಿ ಸವರಲೇಬೇಕು. ಉಪ್ಪು ತುಸು ಹೆಚ್ಚು, ಟೊಮೆಟೊ ಹೋಳು ಜೊತೆಗಿದ್ದರೆ ಅಷ್ಟಾಗಿ ತಿಳಿಯದು. 100 ಗ್ರಾಂ ಹಸಿ ಅಣಬೆಯಲ್ಲಿ ಪ್ರೋಟೀನ್ ಸುಮಾರು 3 ಗ್ರಾಂ ಮಾತ್ರ ಇರುವುದರಿಂದ, ಅದಕ್ಕಾಗಿಯೇ ಕೊಳ್ಳುವವರಿಗೆ ಇದನ್ನು ಶಿಫಾರಸು ಮಾಡಲಾರೆ.