'ಮತ್ತೆ ಪ್ರಯತ್ನಿಸಿ' ಅಂದ ಕೂಡಲೇ ಒತ್ತಬೇಡಿ

ಆ್ಯಪ್‌ನಲ್ಲಿ ಬಸ್ ಟಿಕೆಟ್ ಬುಕ್ ಮಾಡುವವರು ಇದನ್ನು ಒಮ್ಮೆ ಓದಿ. ನನಗೆ 2,400 ರೂಪಾಯಿ ಸುಮ್ನೆ ಹೋಯಿತು.

ಅವ್ವನ ಕಣ್ಣು ತೋರಿಸಲು ಕಲಬುರಗಿಯಿಂದ ಬೆಂಗಳೂರಿಗೆ ಹೋಗಬೇಕಿತ್ತು. ಹಿಂದಿನ ರಾತ್ರಿ ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಎರಡು ಬರ್ತ್ ಆರಿಸಿದೆ. ಅವ್ವನಿಗೂ ಓದಲು ಬರಲಿ ಅಂತ ಆ್ಯಪ್ ಕನ್ನಡದಲ್ಲಿ ಇಟ್ಟಿದ್ದೆ. ಯುಪಿಐ ಪಿನ್ ಹಾಕಿದೆ. ಚಕ್ರ ತಿರುಗಿತು, ತಿರುಗಿತು. ಆಮೇಲೆ ಒಂದೇ ಸಾಲು: 'ಏನೋ ತಪ್ಪಾಗಿದೆ. ಮತ್ತೆ ಪ್ರಯತ್ನಿಸಿ.'

ಪ್ರಯತ್ನಿಸಿದೆ. ನಾವು ಆರಿಸಿದ ಬರ್ತ್ ಖಾಲಿ ಇಲ್ಲ ಅಂತು. ಛೇ, ಅಷ್ಟರಲ್ಲಿ ಯಾರೋ ತಗೊಂಡರು ಅಂತ ಬೈದುಕೊಂಡು ಹಿಂದಿನ ಎರಡು ಆರಿಸಿದೆ. ಟಿಕೆಟ್ ಬಂತು. ಅರ್ಧ ಗಂಟೆ ಬಿಟ್ಟು ಬ್ಯಾಂಕಿನ ಎರಡು ಮೆಸೇಜ್ ಒಟ್ಟಿಗೇ ಬಂದವು: ರೊಕ್ಕ ಎರಡು ಸಲ ಹೋಗಿತ್ತು. ಆ 'ಯಾರೋ' ನಾವೇ!

ಇರಲಿ, ಮೊದಲಿನದನ್ನು ರದ್ದು ಮಾಡೋಣ ಅಂತ ಹೋದೆ. ಪುಟ್ಟ ಪೆಟ್ಟಿಗೆ ತೆರೆಯಿತು. 'ಟಿಕೆಟ್ ರದ್ದು ಮಾಡಬೇಕೇ?' ಕೆಳಗೆ ಎರಡು ಗುಂಡಿ: 'ರದ್ದುಮಾಡಿ', 'ಸರಿ'.

"ರದ್ದು ಮಾಡು ಅಂತ ಬರ್ದದಲ್ಲಪ್ಪಾ, ಅದನ್ನೇ ಒತ್ತು" ಅಂದಳು ಅವ್ವ. ಒತ್ತಿದೆ. ಪೆಟ್ಟಿಗೆ ಮುಚ್ಚಿತು. ಮುಗೀತು ಅಂತ ಮಲಗಿದೆವು.

ಆದರೆ ಆ ಗುಂಡಿಯ ಅರ್ಥ 'ಈ ಪೆಟ್ಟಿಗೆ ಮುಚ್ಚು' ಅಂತ ಮಾತ್ರ. ಇಂಗ್ಲಿಷಿನ 'ಕ್ಯಾನ್ಸಲ್' ಅನ್ನು ಹಾಗೇ ಎತ್ತಿ ಕನ್ನಡದಲ್ಲಿ ಇಟ್ಟಿದ್ದಾರೆ. ಅನುವಾದ ಮಾಡುವವರ ಕೈಗೆ ಎಷ್ಟೋ ಸಲ ಬರೀ ಪದಗಳ ಪಟ್ಟಿ ಕೊಡುತ್ತಾರೆ, ಪರದೆ ತೋರಿಸುವುದಿಲ್ಲ. ಅವರನ್ನೇ ಬೈದು ಏನು ಮಾಡೋದು? 'ಹೌದು, ಟಿಕೆಟ್ ಬೇಡ', 'ಇಲ್ಲ, ಟಿಕೆಟ್ ಇರಲಿ' ಅಂತ ಬರೆದಿದ್ದರೆ ಅವ್ವನೂ ತಪ್ಪುತ್ತಿರಲಿಲ್ಲ, ನಾನೂ ತಪ್ಪುತ್ತಿರಲಿಲ್ಲ. ಮೊದಲನೇ ಸಲವೂ ಅಷ್ಟೇ. 'ರೊಕ್ಕ ಹೋಗಿದೆ, ಟಿಕೆಟ್ ಇನ್ನೂ ಖಚಿತವಾಗಿಲ್ಲ, ಕಾಯಿರಿ, ಮತ್ತೆ ಕಟ್ಟಬೇಡಿ' ಅನ್ನೋದಕ್ಕೆ ಎಷ್ಟು ಜಾಗ ಬೇಕಿತ್ತು?

ಹಾಗಾಗಿ, 'ಏನೋ ತಪ್ಪಾಗಿದೆ' ಅಂತ ಬಂದರೆ ಮೊದಲು ಬ್ಯಾಂಕ್ ಖಾತೆ ನೋಡಿ. ಬ್ಯಾಂಕಿನ ಮೆಸೇಜ್ ಒಂದನ್ನೇ ನಂಬಬೇಡಿ, ಅದು ತಡವಾಗಿ ಬರಬಹುದು. ಆ್ಯಪ್‌ನಲ್ಲಿ 'ನನ್ನ ಬುಕಿಂಗ್‌ಗಳು' ಪುಟ ತೆರೆದು ನೋಡಿ. ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಂಗಡಿಗೋ ಆ್ಯಪ್‌ಗೋ ಕಟ್ಟಿದ ರೊಕ್ಕ ನಮ್ಮ ಖಾತೆಯಿಂದ ಹೋಗಿ ಅವರಿಗೆ ಮುಟ್ಟದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ 5 ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ನನ್ನ ರೊಕ್ಕ ಅವರಿಗೆ ಮುಟ್ಟಿತ್ತು, ಹಾಗಾಗಿ ಅದು ನನಗೆ ಸಿಗಲಿಲ್ಲ. 'ನೀವು ರದ್ದು ಮಾಡಿಯೇ ಇಲ್ಲ' ಅಂತ ಆ್ಯಪ್‌ನವರು ಕೈ ತೊಳೆದುಕೊಂಡರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಪರದೆಯ ಫೋಟೊ ತೆಗೆದಿಟ್ಟುಕೊಂಡಿದ್ದರೆ ಕೆಲಸ ಸುಲಭ ಆಗುತ್ತಿತ್ತು.

ರದ್ದಾಗಿಲ್ಲ ಅಂತ ಗೊತ್ತಾಗಿದ್ದೇ ಮರುದಿನ ರಾತ್ರಿ, ಬಸ್ ಹತ್ತಿದ ಮೇಲೆ. ಕ್ಲೀನರ್ ಹುಡುಗ ಚೀಟಿ ನೋಡಿ, "ನಿಮ್ಮವು ನಾಕು ಬರ್ತ್ ಅವರೀ, ಇನ್ನಿಬ್ಬರು ಎಲ್ಲದಾರ?" ಅಂತ ಕೇಳಿದ. ಅವ್ವ ಏನೂ ಹೇಳದೆ ರೊಟ್ಟಿ ಗಂಟು ತೆಗೆದು ಖಾಲಿ ಬರ್ತ್ ಮೇಲೆ ಇಟ್ಟಳು.